ನೊಣ ಕಟ್ಟುವ ಕೈಗಳು

ಮಲ್ಲಿಗೆ ಕಟ್ಟುವ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಾಳೆನಾರನ್ನು ಅತಿಯಾಗಿ ಬಿಗಿದರೆ ಮೊಗ್ಗಿನ ತೊಟ್ಟು ಕತ್ತರಿಸಿ ಬೀಳುತ್ತದೆ. ಸಡಿಲ ಬಿಟ್ಟರೆ ಮುಡಿಗೇರುವ ಮೊದಲೇ ಹೂ ಜಾರುತ್ತದೆ. ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ಬೆರಳಿಗೆ ತಾನಾಗಿಯೇ ಗೊತ್ತಿರುತ್ತದೆ. ಪುಸ್ತಕ ಓದಿ ಬರುವ ವಿದ್ಯೆ ಅದಲ್ಲ. ಬೆರಳಿನ ಇದೇ ತಿಳಿವಳಿಕೆ ಇಂಗ್ಲೆಂಡು, ಸ್ಕಾಟ್‌ಲೆಂಡು, ಅಮೆರಿಕಗಳಲ್ಲಿ ಇನ್ನೊಂದು ಕೆಲಸಕ್ಕೆ ಒದಗಿಬಂದಿದೆ. ಅಲ್ಲಿ ಅದು ಕಟ್ಟುವುದು ಹೂವನ್ನಲ್ಲ, ನೊಣವನ್ನು.

ಈ ಮಾತನ್ನು ನಮ್ಮ ಮಹಿಳಾ ಸಮಾಜದ ಗೆಳತಿಯರ ಮುಂದೆ ಹೇಳಿದಾಗ ಒಬ್ಬರು ಜೋರಾಗಿ ನಕ್ಕರು. “ಕೆಲಸವಿಲ್ಲದವರು ನೊಣ ಹೊಡೆಯುತ್ತಾರೆ ಅಂತ ಕೇಳಿದ್ದೇವೆ ಕಣ್ರೀ, ನೊಣ ಕಟ್ಟುತ್ತಾರೆ ಅಂತ ಈಗಲೇ ಕೇಳಿದ್ದು” ಎಂದರು. ನಗುವಂಥ ಮಾತೇ. ಆದರೆ ಈ ನೊಣದ ಹಿಂದೆ ಐದುನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯ ಪುಟ ತಿರುವುತ್ತ ಹೋದಂತೆ, ಗಂಡಸರ ಆಟವೆಂದು ಹೆಸರಾದ ಒಂದು ವಿನೋದದಲ್ಲಿ ಹೆಜ್ಜೆ ಹೆಜ್ಜೆಗೂ ಹೆಣ್ಣಿನ ಕೈ ಕಾಣುತ್ತದೆ.

ನಾನು ತುಂಗೆಯ ದಡದ ಊರಿನವಳು. ಗಾಳ ಹಾಕಿಕೊಂಡು ಕೂರುವ ಹುಡುಗರನ್ನು ನೋಡುತ್ತ ಬೆಳೆದವಳು. ಅವರ ಗಾಳಕ್ಕೆ ಎರೆಹುಳವೋ ಹಿಟ್ಟಿನ ಉಂಡೆಯೋ ಇರುತ್ತಿತ್ತು. ಉಂಡೆಯ ಭಾರಕ್ಕೆ ದಾರ ನೀರಿಗೆ ಇಳಿಯುತ್ತಿತ್ತು. ನೊಣದ ಗಾಳದ ರೀತಿಯೇ ಬೇರೆ. ತಂಪು ನೀರಿನ ಹೊಳೆಗಳಲ್ಲಿ ಬಾಳುವ ಟ್ರೌಟ್ ಎಂಬ ಮೀನು, ನೀರಿನಿಂದ ಎದ್ದು ರೆಕ್ಕೆ ಬಿಚ್ಚುವ ಸಣ್ಣ ಹುಳಗಳನ್ನು ಹೊಂಚಿ ತಿನ್ನುತ್ತದೆ. ಅಂಥ ಹುಳಗಳಲ್ಲಿ ಕೆಲವು ರೆಕ್ಕೆ ಬಂದ ಮೇಲೆ ಒಂದೆರಡು ದಿನ ಬದುಕಿದರೆ ಹೆಚ್ಚು. ಅವು ಎಷ್ಟು ನವುರೆಂದರೆ ಕೊಕ್ಕೆಗೆ ಚುಚ್ಚಿದರೆ ಮುದ್ದೆಯಾಗಿ ಹೋಗುತ್ತವೆ. ಅದಕ್ಕೇ ಮನುಷ್ಯ ಉಣ್ಣೆ, ರೇಷ್ಮೆ, ಪುಕ್ಕಗಳಿಂದ ಆ ಹುಳದ ಸೋಗು ಕಟ್ಟಿದ. ಈ ಸೋಗಿನ ನೊಣಕ್ಕೆ ತೂಕವೇ ಇಲ್ಲ. ಕಲ್ಲಿನಂತೆ ಎಸೆಯಲು ಬರುವುದಿಲ್ಲ. ಆದ್ದರಿಂದ ಇಲ್ಲಿ ತೂಕ ಇರುವುದು ದಾರಕ್ಕೆ. ಬಳುಕುವ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ದಾರವನ್ನು ಚಾಟಿಯಂತೆ ಗಾಳಿಯಲ್ಲಿ ಬಿಚ್ಚಿ, ತುದಿಯ ನೊಣವನ್ನು ನೀರಿನ ಮೇಲೆ ನಿಜವಾದ ಹುಳ ಕೂತಷ್ಟೇ ಹಗುರವಾಗಿ ಇಳಿಸಬೇಕು. ತೇಲುವ ನೊಣಕ್ಕೆ ಒಣ ನೊಣ, ಮುಳುಗುವ ನೊಣಕ್ಕೆ ಒದ್ದೆ ನೊಣ ಎಂದು ಹೆಸರು.

ಕಟ್ಟುವ ಬಗೆ ಹೀಗೆ. ಕೊಕ್ಕೆಯನ್ನು ಪುಟ್ಟ ಇಕ್ಕಳದಲ್ಲಿ ಕಚ್ಚಿಸಿ, ಮೇಣ ಸವರಿದ ರೇಷ್ಮೆ ಎಳೆಯನ್ನು ಅದರ ಬೆನ್ನಿಗೆ ಒತ್ತೊತ್ತಾಗಿ ಸುತ್ತಬೇಕು. ಬಾಲಕ್ಕೆ ಪುಕ್ಕದ ನಾಲ್ಕು ಎಳೆ, ಮೈಗೆ ಉಣ್ಣೆ ಅಥವಾ ರೇಷ್ಮೆ, ಅದರ ಮೇಲೆ ಓರೆಯಾಗಿ ಜರಿಯ ಸುತ್ತು. ಆಮೇಲೆ ಹುಂಜದ ಕತ್ತಿನ ಒಂದು ಗರಿಯನ್ನು ಕೊಕ್ಕೆಯ ಸುತ್ತ ತಿರುಗಿಸಿದರೆ ಎಳೆಗಳು ಬಿಡಿಬಿಡಿಯಾಗಿ ನಿಮಿರಿ ಹುಳದ ಕಾಲುಗಳಂತೆ ಕಾಣುತ್ತವೆ. ರೆಕ್ಕೆ ಕೂರಿಸಿ, ತಲೆಯ ಬಳಿ ಗಂಟು ಹಾಕಿ, ಒಂದು ತೊಟ್ಟು ವಾರ್ನಿಷ್ ಬಿಟ್ಟರೆ ಮುಗಿಯಿತು. ಎಲ್ಲ ಸೇರಿ ಒಂದು ಅಕ್ಕಿಕಾಳಿನಿಂದ ಕಿರುಬೆರಳಿನವರೆಗಿನ ಗಾತ್ರ. ಕಸೂತಿ ಹಾಕುವವರಿಗೆ, ರವಿಕೆಗೆ ಗುಂಡಿಮನೆ ಹೊಲಿಯುವವರಿಗೆ ಇದು ಹೊಸ ಲೋಕವೇನೂ ಅಲ್ಲ. ಇನ್ನೊಂದು ಸ್ವಾರಸ್ಯ ನೋಡಿ. ಇಂಗ್ಲೆಂಡಿನ ರೆಡಿಚ್ ಎಂಬ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಹೊಲಿಗೆ ಸೂಜಿಗೆ ಲೋಕಪ್ರಸಿದ್ಧ. ಗಾಳದ ಕೊಕ್ಕೆಗೂ ಅದೇ ಊರು ಪ್ರಸಿದ್ಧ. ಉಕ್ಕಿನ ತಂತಿಯನ್ನು ನೇರವಾಗಿ ಬಿಟ್ಟರೆ ಸೂಜಿ, ಬಗ್ಗಿಸಿದರೆ ಕೊಕ್ಕೆ. ಎರಡೂ ಅಕ್ಕತಂಗಿಯರು.

ಸೋಗಿನ ನೊಣದ ಮಾತು ಬಹಳ ಹಳೆಯದು. ಸುಮಾರು 1,800 ವರ್ಷಗಳ ಹಿಂದೆ ರೋಮಿನ ಬರಹಗಾರ ಏಲಿಯನ್ ಎಂಬಾತ, ಮ್ಯಾಸಿಡೋನಿಯದ ಒಂದು ಹೊಳೆಯಲ್ಲಿ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಎರಡು ಪುಕ್ಕ ಸಿಕ್ಕಿಸಿ ಮೀನು ಹಿಡಿಯುವುದನ್ನು ಬರೆದಿಟ್ಟಿದ್ದಾನೆ. ಆದರೆ ಈ ವಿದ್ಯೆಯನ್ನು ಇಂಗ್ಲಿಷಿನಲ್ಲಿ ವಿವರವಾಗಿ ತಿಳಿಸುವ ಮೊದಲ ಅಚ್ಚಾದ ಗ್ರಂಥ 1496ರದು. ಲಂಡನ್ನಿನ ಮಗ್ಗುಲಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಕ ವಿಂಕಿನ್ ಡಿ ವೋರ್ಡ್, ಬೇಟೆಯನ್ನು ಕುರಿತ ಒಂದು ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕುವಾಗ ಗಾಳದ ಮೀನುಗಾರಿಕೆಯ ಮೇಲೊಂದು ಪ್ರಬಂಧವನ್ನೂ ಸೇರಿಸಿದ. ಅದರಲ್ಲಿ ಹನ್ನೆರಡು ನೊಣಗಳಿವೆ. ಯಾವ ತಿಂಗಳಿಗೆ ಯಾವ ನೊಣ, ಮೈಗೆ ಯಾವ ಬಣ್ಣದ ಉಣ್ಣೆ, ರೆಕ್ಕೆಗೆ ಯಾವ ಹಕ್ಕಿಯ ಗರಿ ಎಂದು ಅಡುಗೆಯ ಅಳತೆ ಹೇಳಿದ ಹಾಗೆ ಹೇಳಿದೆ. ಕುದುರೆಯ ಬಾಲದ ಕೂದಲಿನಿಂದ ದಾರ ಹೊಸೆಯುವುದು, ಅದಕ್ಕೆ ಬಣ್ಣ ಹಾಕುವುದು, ಸೂಜಿಯನ್ನು ಕಾಯಿಸಿ ಬಗ್ಗಿಸಿ ಕೊಕ್ಕೆ ಮಾಡಿಕೊಳ್ಳುವುದು, ಎಲ್ಲವೂ ಇದೆ. ಮೀನು ಸಿಗದಿದ್ದರೂ ನಡೆದಾಟದ ಸುಖ, ಹೂವಿನ ಕಂಪು, ಹಕ್ಕಿಯ ಹಾಡು ಸಿಕ್ಕೇ ಸಿಗುತ್ತದೆ ಎಂಬ ಸಮಾಧಾನವೂ, ಒಂದೇ ಸಲಕ್ಕೆ ಅತಿ ಆಸೆಯಿಂದ ಮೀನು ಬಾಚಬೇಡಿ ಎಂಬ ಬುದ್ಧಿಮಾತೂ ಇದೆ.

ಈ ಪ್ರಬಂಧವನ್ನು ಬರೆದವಳು ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂದು ಶತಮಾನಗಳ ಕಾಲ ನಂಬಲಾಗಿತ್ತು. ಸೇಂಟ್ ಆಲ್ಬನ್ಸ್ ಊರಿನ ಬಳಿಯ ಸಾಪ್‌ವೆಲ್ ಕನ್ಯಾಮಠದ ಹಿರಿಯಳು ಆಕೆ ಎಂದು ಪ್ರತೀತಿ. ಇಂದಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಆಕೆಯ ಹೆಸರಿರುವುದು 1486ರ ಪುಸ್ತಕದ ಬೇಟೆಯ ಭಾಗದ ಕೊನೆಯಲ್ಲಿ, ಮೀನಿನ ಭಾಗದಲ್ಲಲ್ಲ ಎನ್ನುತ್ತಾರೆ. ಆ ಮಠದ ಹಿರಿಯರ ಪಟ್ಟಿಯಲ್ಲೂ ಆ ಹೆಸರಿಲ್ಲವಂತೆ. ಇರಲಿ. ನನಗೆ ಕುತೂಹಲ ಎನಿಸುವುದು ಬೇರೆಯೇ ಸಂಗತಿ. ತಲೆಮಾರುಗಳ ಗಂಡಸು ಓದುಗರು, ಬರಹಗಾರರು ತಮ್ಮ ಪ್ರೀತಿಯ ಆಟದ ಮೂಲಗುರು ಒಬ್ಬ ಹೆಂಗಸು ಎಂದು ಸಂತೋಷದಿಂದಲೇ ಒಪ್ಪಿಕೊಂಡಿದ್ದರು. ಪುರಾಣದಲ್ಲಿ ಒಬ್ಬ ದೇವಿಯನ್ನು ಕೂರಿಸುವುದು ಸುಲಭ. ಅಂಗಡಿಯ ಹಿಂದಿನ ಕೋಣೆಯಲ್ಲಿ ಡಜನ್ ಲೆಕ್ಕದಲ್ಲಿ ದುಡಿಯುವ ಹೆಂಗಸನ್ನು ನೆನೆಯುವುದು ಕಷ್ಟ.

ಅಂಥ ಹಿಂದಿನ ಕೋಣೆಯಿಂದ ಹೊರಬಂದು ಕಾಣಿಸಿಕೊಂಡವಳು ಮೇರಿ ಆರ್ವಿಸ್ ಮಾರ್ಬರಿ. ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಸಣ್ಣ ಊರಿನಲ್ಲಿ ಚಾರ್ಲ್ಸ್ ಆರ್ವಿಸ್ 1856ರಲ್ಲಿ ಗಾಳದ ಸಾಮಾನಿನ ಅಂಗಡಿ ತೆರೆದ. ಅದೇ ವರ್ಷ ಮಗಳು ಮೇರಿ ಹುಟ್ಟಿದಳು. 1876ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಆಕೆ ಅಂಗಡಿಯ ನೊಣ ಕಟ್ಟುವ ವಿಭಾಗದ ಹೊಣೆ ಹೊತ್ತಳು. ಆಕೆಯ ಕೈಕೆಳಗೆ ಹೆಣ್ಣುಮಕ್ಕಳು ಕೂತು ದಿನವಿಡೀ ನೊಣ ಕಟ್ಟುತ್ತಿದ್ದರು.

ಆಗ ಅಲ್ಲೊಂದು ದೊಡ್ಡ ಗೋಜಲಿತ್ತು. ಒಂದೇ ನೊಣಕ್ಕೆ ಊರಿಗೊಂದು ಹೆಸರು. ಒಂದೇ ಹೆಸರಿನಲ್ಲಿ ಹತ್ತು ಬಗೆಯ ನೊಣ. ನಮ್ಮಲ್ಲಿ ಒಂದೇ ಸೊಪ್ಪಿಗೆ ಮೈಸೂರಿನಲ್ಲೊಂದು, ಧಾರವಾಡದಲ್ಲೊಂದು ಹೆಸರಿರುವುದಿಲ್ಲವೇ, ಹಾಗೆ. ದೂರದ ಊರಿನವನು ಪತ್ರ ಬರೆದು ಇಂಥ ನೊಣ ಕಳಿಸಿ ಎಂದರೆ, ಕಳಿಸಿದ್ದು ಅವನು ಬಯಸಿದ್ದೇ ಆಗಿರುತ್ತದೆಂಬ ಭರವಸೆಯಿಲ್ಲ. ದೇಶದ ಮೂಲೆಮೂಲೆಯ ಮೀನುಗಾರರಿಂದ ಪತ್ರಗಳು ಬಂದವು. ನೀವು ಯಾವ ನೊಣ ಬಳಸುತ್ತೀರಿ, ಅದಕ್ಕೆ ಆ ಹೆಸರು ಹೇಗೆ ಬಂತು ಎಂಬ ಪ್ರಶ್ನೆಗೆ ಇನ್ನೂರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಆ ಪತ್ರಗಳನ್ನೆಲ್ಲ ಜೋಡಿಸಿ, ಪ್ರತಿಯೊಂದು ನೊಣದ ಕುಲಗೋತ್ರ ಹುಡುಕಿ ಮೇರಿ 1892ರಲ್ಲಿ ‘ಫೇವರಿಟ್ ಫ್ಲೈಸ್ ಅಂಡ್ ದೇರ್ ಹಿಸ್ಟರೀಸ್’ ಎಂಬ ಐನೂರಕ್ಕೂ ಹೆಚ್ಚು ಪುಟಗಳ ಗ್ರಂಥ ಹೊರತಂದಳು. 32 ಬಣ್ಣದ ಚಿತ್ರಫಲಕಗಳಲ್ಲಿ 290 ನೊಣಗಳು. ಅಲ್ಲಿಂದಾಚೆಗೆ ಅಮೆರಿಕದಲ್ಲಿ ನೊಣಕ್ಕೊಂದು ಹೆಸರು, ಹೆಸರಿಗೊಂದು ರೂಪ ಎಂಬುದು ಗಟ್ಟಿಯಾಯಿತು. ಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸುವ ಗೃಹಿಣಿಯ ಶಿಸ್ತು ಒಂದು ದೇಶದ ಮೀನುಗಾರಿಕೆಗೆ ಬಂದ ಹಾಗಾಯಿತು.

ಗಂಡಸರು ತಮ್ಮ ಹೆಸರಿನಲ್ಲಿ, ತಮ್ಮ ಗೆಳೆಯರ ಹೆಸರಿನಲ್ಲಿ, ಹೊಳೆಯ ಹೆಸರಿನಲ್ಲಿ ಕರೆದ ನೊಣಗಳ ಚರಿತ್ರೆಯನ್ನು ಮೇರಿ ಉಳಿಸಿಕೊಟ್ಟಳು. ಆದರೆ ಆಕೆಯ ಕೋಣೆಯಲ್ಲಿ ಕೂತು ಅವನ್ನು ಕಟ್ಟಿದ ಹುಡುಗಿಯರ ಹೆಸರುಗಳನ್ನು ಯಾವ ಫಲಕದ ಕೆಳಗೂ ಬರೆದಿಲ್ಲ. ಮೇರಿ 1914ರಲ್ಲಿ ತೀರಿಕೊಂಡಳು. ಅವರು ಕಟ್ಟಿದ ನೊಣಗಳು ಮಾತ್ರ ಅದೇ ಮ್ಯಾಂಚೆಸ್ಟರಿನ ಮೀನುಗಾರಿಕೆಯ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಉಳಿದಿವೆ.

ಅಮೆರಿಕದ ಮೇಯ್ನ್ ರಾಜ್ಯದ ಕ್ಯಾರಿ ಸ್ಟೀವನ್ಸ್ ತನ್ನ ಗುರುತನ್ನು ತಾನೇ ಬಿಟ್ಟುಹೋದವಳು. ಗಂಡ ವ್ಯಾಲೇಸ್ ಮೀನು ಹಿಡಿಯಲು ಬರುವ ಪಟ್ಟಣಿಗರಿಗೆ ದಾರಿ ತೋರಿಸುವವನು. ಅಪ್ಪರ್ ಡ್ಯಾಮ್ ಎಂಬ ಅಣೆಕಟ್ಟಿನ ಬಳಿ ಅವರ ವಾಸ. 1924ರ ಜುಲೈ 1ರಂದು ಕ್ಯಾರಿ, ಸಣ್ಣ ಮೀನನ್ನು ಹೋಲುವಂತೆ ತಾನೇ ಕಟ್ಟಿದ ಹೊಸ ನೊಣವೊಂದನ್ನು ಪರೀಕ್ಷಿಸಲು ನೀರಿಗಿಳಿದಳು. 6 ಪೌಂಡು 13 ಔನ್ಸಿನ, ಅಂದರೆ ಮೂರು ಕಿಲೋ ಮಿಕ್ಕ ಟ್ರೌಟ್ ಬಿತ್ತು. ಒಂದು ಪತ್ರಿಕೆಯ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅದಕ್ಕೆ ಎರಡನೆಯ ಬಹುಮಾನವೂ ಬಂತು. ಮುಂದೆ ಆಕೆಯ ‘ಗ್ರೇ ಗೋಸ್ಟ್’ ಎಂಬ ನೊಣ ಜಗತ್ಪ್ರಸಿದ್ಧವಾಯಿತು. ಕ್ಯಾರಿ ಇಕ್ಕಳವನ್ನೇ ಬಳಸದೆ ಕೊಕ್ಕೆಯನ್ನು ಬೆರಳಲ್ಲಿ ಹಿಡಿದು ಕಟ್ಟುತ್ತಿದ್ದಳು. ಕೊನೆಗೆ ನೊಣದ ಕಪ್ಪು ತಲೆಯ ನಡುವೆ ಕಿತ್ತಳೆಗೆಂಪು ದಾರದ ಒಂದು ಪಟ್ಟಿ ಸುತ್ತುತ್ತಿದ್ದಳು. ಅದೇ ಆಕೆಯ ಸಹಿ. ಅಕ್ಷರವಿಲ್ಲದ ಸಹಿ.

ಆ ‘ಗ್ರೇ ಗೋಸ್ಟ್’ ನೊಣದ ಕೆನ್ನೆಯ ಮೇಲೆ ಪುಟ್ಟ ಹೊಳೆಯುವ ಚುಕ್ಕೆಯೊಂದಿದೆ. ಸಣ್ಣ ಮೀನಿನ ಕಣ್ಣಿನಂತೆ ಕಾಣುವ ಆ ಚುಕ್ಕೆ ಎಲ್ಲಿಯದು ಗೊತ್ತೇ? ನಮ್ಮ ಕಾಡುಕೋಳಿಯ ಹುಂಜದ್ದು. ಪಶ್ಚಿಮ ಘಟ್ಟದ, ದಕ್ಷಿಣ ಭಾರತದ ಕಾಡಿನ ಬೂದು ಕಾಡುಕೋಳಿ. ಅದರ ಕತ್ತಿನ ಗರಿಗಳ ತುದಿಯಲ್ಲಿ ಮೇಣದ ಹನಿ ಬಿದ್ದು ಗಟ್ಟಿಯಾದಂಥ ಬಿಳಿ, ಹಳದಿ ಚುಕ್ಕೆಗಳಿರುತ್ತವೆ. ಬೇರೆ ಹಕ್ಕಿಯಲ್ಲಿ ಇಂಥದು ಸಿಗುವುದು ಅಪರೂಪ. ಮಲೆನಾಡಿನ ಬೆಳಗಿನಲ್ಲಿ ನಾವು ಕೂಗು ಕೇಳಿಯೇ ಗುರುತಿಸುವ ಹಕ್ಕಿಯ ಕತ್ತಿನ ಗರಿ ಸಾವಿರಾರು ಮೈಲಿಯಾಚೆ ಮೇಯ್ನಿನ ಒಬ್ಬ ಹೆಂಗಸಿನ ಬೆರಳ ನಡುವೆ ಕೂತಿತ್ತು. ಅದೇ ನೊಣದ ಮೈಯಡಿಯಲ್ಲಿ ನವಿಲುಗರಿಯ ಎಳೆಗಳೂ ಇವೆ.

ಇಂಗ್ಲಿಷರು ಗಾಳವನ್ನು ನಮ್ಮ ಹೊಳೆಗಳಿಗೂ ತಂದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಮೊದಲು ಪ್ರಕಟವಾದದ್ದು 1873ರಲ್ಲಿ, ನಮ್ಮ ಮಂಗಳೂರಿನಲ್ಲೇ. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಹೊರಬಂದದ್ದೂ ಆ ಊರಿನಿಂದಲೇ ತಾನೆ. ಆದರೆ ಹೊಳೆಗೆ ಬಂದದ್ದಕ್ಕಿಂತ ಕಾಡಿನಿಂದ ಹೋದದ್ದೇ ಹೆಚ್ಚು.

ವಿಕ್ಟೋರಿಯಾ ರಾಣಿಯ ಕಾಲದ ಸಾಲ್ಮನ್ ನೊಣಗಳೆಂದರೆ ಆಭರಣಗಳೇ. ‘ಜಾಕ್ ಸ್ಕಾಟ್’ ಎಂಬ ಒಂದೇ ನೊಣಕ್ಕೆ ಚಿನ್ನದ ಬಣ್ಣದ ಚೀನೀ ಕೋಳಿ, ಟೌಕನ್, ನವಿಲು, ಉಷ್ಟ್ರಪಕ್ಷಿ, ನಮ್ಮ ಕಾಡುಕೋಳಿ ಹೀಗೆ ಖಂಡಖಂಡಗಳ ಹಕ್ಕಿಗಳು ಗರಿ ಕೊಡಬೇಕಿತ್ತು. ‘ಇಂಡಿಯನ್ ಕ್ರೋ’ ಎಂಬ ಕೆಂಪು ಗರಿಯೂ ಬೇಕಿತ್ತು. ಹೆಸರು ಇಂಡಿಯಾದ್ದು, ಹಕ್ಕಿ ದಕ್ಷಿಣ ಅಮೆರಿಕದ್ದು! ಇಷ್ಟೆಲ್ಲ ಸಿಂಗಾರ ಮೀನಿಗೆ ಬೇಕೇ? ಸಮುದ್ರದಿಂದ ಹೊಳೆಗೆ ಮೊಟ್ಟೆಯಿಡಲು ಬರುವ ಸಾಲ್ಮನ್ ಹೊಳೆಗೆ ಬಂದ ಮೇಲೆ ಆಹಾರವನ್ನೇ ತಿನ್ನುವುದಿಲ್ಲ. ಆದರೂ ಕೆಲವೊಮ್ಮೆ ಕೆರಳಿ ನೊಣವನ್ನು ಕಚ್ಚುತ್ತದೆ. ಅದಕ್ಕೆ ಹದಿನೈದು ಬಗೆಯ ಗರಿ ಬೇಕಿಲ್ಲ. ಸಿಂಗಾರವೆಲ್ಲ ಕೊಳ್ಳುವ ಗಂಡಸರ ಕಣ್ಣಿಗಾಗಿ.

ಅದೇ ಕಾಲದಲ್ಲಿ ಟೋಪಿಗೆ ಗರಿ ಸಿಕ್ಕಿಸಿಕೊಳ್ಳುವ ಹೆಂಗಸರ ಷೋಕಿಯನ್ನು ಪತ್ರಿಕೆಗಳು ಹೀಗಳೆದವು. ಷೋಕಿ ನಿಜ, ಅದರಿಂದ ಹಕ್ಕಿಗಳ ಮಾರಣಹೋಮವಾದದ್ದೂ ನಿಜ. ಆದರೆ ಅದನ್ನು ತಡೆಯಲು ಮೊದಲು ಎದ್ದವರೂ ಹೆಂಗಸರೇ. 1889ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ತನ್ನ ಮನೆಯಲ್ಲಿ ಎಮಿಲಿ ವಿಲಿಯಮ್ಸನ್ ಗೆಳತಿಯರನ್ನು ಸೇರಿಸಿ, ಗರಿ ಮುಡಿಯುವುದಿಲ್ಲ ಎಂದು ಪಣ ತೊಡಿಸಿದಳು. ಆ ಸಣ್ಣ ಕೂಟವೇ ಮುಂದೆ ಬ್ರಿಟನ್ನಿನ ದೊಡ್ಡ ಪಕ್ಷಿರಕ್ಷಣಾ ಸಂಸ್ಥೆಯಾಗಿ ಬೆಳೆಯಿತು. ಭಾರತದಿಂದ ಹಕ್ಕಿಯ ಗರಿ ರಫ್ತು ಮಾಡುವುದನ್ನು ಸರ್ಕಾರ 1902ರಲ್ಲಿ ನಿಷೇಧಿಸಿತು. ಬ್ರಿಟನ್ನಿಗೆ ಗರಿಯ ಆಮದು ತಡೆಯುವ ಕಾಯಿದೆ 1921ರಲ್ಲಿ ಬಂತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಕೋಳಿಗೂ ಆಸರೆಯಾಯಿತು. ಈಗ ಪಶ್ಚಿಮ ದೇಶಗಳಲ್ಲಿ ಈ ಹಕ್ಕಿಯನ್ನು ಸಾಕಿ ಗರಿ ಮಾರುತ್ತಾರೆ. ಮೋಹ ಮಾತ್ರ ಕರಗಿಲ್ಲ. 2009ರ ಜೂನಿನ ಒಂದು ರಾತ್ರಿ ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯದಿಂದ 299 ಹಕ್ಕಿಗಳ ಒಣಗಿಸಿಟ್ಟ ಚರ್ಮಗಳು ಕಳವಾದವು. ಕದ್ದವನು ನೊಣ ಕಟ್ಟುವ ಹುಚ್ಚಿದ್ದ ಒಬ್ಬ ಕೊಳಲುವಾದನದ ವಿದ್ಯಾರ್ಥಿ.

ಈ ಮೋಹದ ನಡುವೆ ನಿರ್ಮೋಹಿಯಾಗಿ ಕೂತಿದ್ದವಳು ಸ್ಕಾಟ್‌ಲೆಂಡಿನ ಮೆಗನ್ ಬಾಯ್ಡ್. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಹತ್ತಿರದವಳೆನಿಸಿದ್ದು ಈಕೆಯೇ. ಹುಟ್ಟಿದ್ದು 1915ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆಗೆ ಸ್ಕಾಟ್‌ಲೆಂಡಿನ ಉತ್ತರ ತುದಿಯ ಸದರ್ಲೆಂಡಿನಲ್ಲಿ ಹೊಳೆ ಕಾಯುವ ಕೆಲಸ ಸಿಕ್ಕಿ, ಪುಟ್ಟ ಮಗುವಾಗಿದ್ದಾಗಲೇ ಅಲ್ಲಿಗೆ ಬಂದಳು. ಅಲ್ಲಿನ ಕಾವಲುಗಾರನೊಬ್ಬ ಆಕೆಗೆ ಹಳೆಯ ನೊಣಗಳನ್ನು ಕೊಟ್ಟು, ಮೊದಲು ಬಿಚ್ಚು, ಆಮೇಲೆ ಅದನ್ನೇ ಮತ್ತೆ ಕಟ್ಟು ಎಂದು ಕಲಿಸಿದ. ನಮ್ಮಲ್ಲಿ ಅತ್ತೆಯ ಹಳೆಯ ರವಿಕೆಯನ್ನು ಬಿಚ್ಚಿ ನೋಡಿಯೇ ಹೊಲಿಗೆ ಕಲಿತವರು ಎಷ್ಟು ಮಂದಿಯಿಲ್ಲ!

ಇಪ್ಪತ್ತರ ಹರೆಯದಲ್ಲಿ ಕಿಂಟ್ರಾಡ್ವೆಲ್ ಎಂಬಲ್ಲಿ, ಕಡಲಿಗೆ ಮುಖ ಮಾಡಿದ ಒಂದು ಪುಟ್ಟ ಮನೆ ಹಿಡಿದಳು. ಅನೇಕ ವರ್ಷ ಆ ಮನೆಗೆ ವಿದ್ಯುತ್ತಿರಲಿಲ್ಲ, ನಲ್ಲಿಯೂ ಇರಲಿಲ್ಲ. ಕಿಟಕಿಯ ಪಕ್ಕ ಮೇಜು ಹಾಕಿಕೊಂಡು, ಹಗಲಿನ ಬೆಳಕಿನಲ್ಲೂ ದೀಪದ ಬೆಳಕಿನಲ್ಲೂ ಅರ್ಧ ಶತಮಾನಕ್ಕೂ ಮಿಕ್ಕಿ ನೊಣ ಕಟ್ಟಿದಳು. ಗಂಡಸರ ಕೋಟು, ಕೊರಳಿಗೆ ಟೈ. ಮದುವೆಯಾಗಲಿಲ್ಲ. ಕುಣಿತವೆಂದರೆ ಇಷ್ಟ, ಇಸ್ಪೀಟೆಂದರೆ ಇಷ್ಟ, ನಾಯಿಯೆಂದರೆ ಪ್ರಾಣ. ಆಕೆಯ ನೊಣಗಳಿಗಾಗಿ ಪ್ರಪಂಚದ ಎಲ್ಲೆಡೆಯಿಂದ ಪತ್ರಗಳು ಬರುತ್ತಿದ್ದವು. ಆಗಿನ ಯುವರಾಜ ಚಾರ್ಲ್ಸ್ ಕೂಡ ಗಿರಾಕಿ, ಸ್ನೇಹಿತ. ಆದರೂ ಆಕೆ ಬೆಲೆ ಏರಿಸಲಿಲ್ಲ. ಆಕೆ ಕಟ್ಟಿದ ನೊಣವನ್ನು ನೀರಿಗೆ ಬಿಡಲು ಮನಸ್ಸು ಬಾರದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡವರಿದ್ದರು.

ಇಷ್ಟಾಗಿ ಮೆಗನ್ ಬಾಯ್ಡ್ ಗಾಳ ಹಾಕಲಿಲ್ಲ. ಮೀನನ್ನು ಕೊಲ್ಲಲು ಆಕೆಗೆ ಮನಸ್ಸಿರಲಿಲ್ಲ. ಬಾಳೆಲ್ಲ ಕೊಕ್ಕೆಗಳ ನಡುವೆ ಕಳೆದವಳಿಗೆ ಮೀನಿನ ಮೇಲೆ ಕನಿಕರ. ಇದನ್ನು ವಿರೋಧಾಭಾಸ ಎನ್ನುವವರುಂಟು. ನನಗೇನೂ ವಿಚಿತ್ರ ಅನ್ನಿಸುವುದಿಲ್ಲ. ತಾವು ಬಾಯಿಗಿಡದ ಮಾಂಸವನ್ನು ಮನೆಯವರಿಗಾಗಿ ರುಚಿಯಾಗಿ ಬೇಯಿಸಿದ ತಾಯಂದಿರು ನಮ್ಮಲ್ಲೂ ಇದ್ದಾರೆ.

1971ರಲ್ಲಿ ಬ್ರಿಟಿಷ್ ಸರ್ಕಾರ ಆಕೆಗೆ ಬ್ರಿಟಿಷ್ ಎಂಪೈರ್ ಪದಕ ನೀಡಿತು. ಅದನ್ನು ಪಡೆಯಲು ಮೆಗನ್ ಲಂಡನ್ನಿಗೆ ಹೋಗಲಿಲ್ಲ. ನಾಯಿಯನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲವಂತೆ! ಆಮೇಲೆ ಯುವರಾಜರೇ ಪದಕವನ್ನು ಆಕೆಯ ಸೀಮೆಯಲ್ಲಿ ಕೈಗಿತ್ತರು. ಕಣ್ಣು ಮಂಜಾಗಿ 1988ರಲ್ಲಿ ಕೆಲಸ ನಿಲ್ಲಿಸಿದಳು. 2001ರ ನವೆಂಬರಿನಲ್ಲಿ ತೀರಿಕೊಂಡಳು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಬಳಸುವ ಒಂದು ನೀಲಿ ನೊಣಕ್ಕೆ ‘ಮೆಗನ್ ಬಾಯ್ಡ್’ ಎಂದೇ ಹೆಸರು.

ಆಕೆಯ ಮಂಜಾದ ಕಣ್ಣಿನ ಮಾತು ಓದಿದಾಗಲೆಲ್ಲ ನನಗೆ ನನ್ನ ಚಿಕ್ಕಮ್ಮ ನೆನಪಾಗುತ್ತಾಳೆ. ಆಕೆ ಪೇಟೆಯ ಒಂದು ಅಂಗಡಿಗೆ ರವಿಕೆಗಳ ಕೈಹೊಲಿಗೆ ಮಾಡಿಕೊಡುತ್ತಿದ್ದಳು. ಡಜನ್ನಿಗೆ ಇಷ್ಟು ಎಂದು ಲೆಕ್ಕ. ಒಂದು ಹೊಲಿಗೆ ಓರೆಯಾದರೆ ಇಡೀ ರವಿಕೆಯ ಕಾಸು ಕಟ್. ಅಂಗಡಿಯ ಹೆಸರಿನ ಪುಟ್ಟ ಪಟ್ಟಿಯನ್ನು ಕತ್ತಿನ ಒಳಗೆ ಹೊಲಿಯುವುದೂ ಅವಳದೇ ಕೆಲಸ. ಬೇರೆಯವರ ಹೆಸರನ್ನು ಸಾವಿರ ಸಲ ಹೊಲಿದ ಕೈ ಅದು. ಐವತ್ತು ದಾಟುವಷ್ಟರಲ್ಲಿ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಮಕ್ಕಳನ್ನು ಕರೆಯಬೇಕಾಗಿತ್ತು. ಅವಳಿಗೆ ಯಾವ ಪದಕವೂ ಬರಲಿಲ್ಲ. ಬರುತ್ತದೆಂದು ಅವಳು ಕಾಯಲೂ ಇಲ್ಲ.

ಮಾರಾಟದ ನೊಣಗಳಲ್ಲಿ ಬಹಳಷ್ಟನ್ನು ಈಗ ಕಟ್ಟುವುದು ಸ್ಕಾಟ್‌ಲೆಂಡಿನಲ್ಲೂ ಅಲ್ಲ, ವರ್ಮಾಂಟಿನಲ್ಲೂ ಅಲ್ಲ. ಕೀನ್ಯಾ, ಶ್ರೀಲಂಕಾ, ಥಾಯ್ಲೆಂಡುಗಳ ಕೆಲಸದ ಮನೆಗಳಲ್ಲಿ. ಅಲ್ಲಿ ಸಾಲಾಗಿ ಕೂತು ಕಟ್ಟುವವರಲ್ಲಿ ಹೆಂಗಸರು ಬಹಳ. ಅವರಲ್ಲಿ ಅನೇಕರು ಟ್ರೌಟ್ ಮೀನನ್ನು ಕಣ್ಣಾರೆ ಕಂಡಿರಲಾರರು. ಆ ಪೊಟ್ಟಣಗಳ ಮೇಲೂ ಅಂಗಡಿಯ ಹೆಸರಿರುತ್ತದೆ, ಮೇರಿ ಗಟ್ಟಿ ಮಾಡಿಟ್ಟ ರೂಢಿಯಂತೆ ನೊಣದ ಹೆಸರಿರುತ್ತದೆ. ಕಟ್ಟಿದವಳ ಹೆಸರಿರುವುದಿಲ್ಲ.

ಕೈಕೆಲಸದ ಗುಣ ಬಲ್ಲವರು ಮೆಗನ್ನಳ ನೊಣವನ್ನು ನೂರರ ನಡುವೆಯೂ ಗುರುತಿಸುತ್ತಾರಂತೆ. ನಂಬುತ್ತೇನೆ. ನನ್ನ ಮದುವೆಗೆಂದು ಚಿಕ್ಕಮ್ಮ ಹೊಲಿದ ರವಿಕೆ ಇನ್ನೂ ಪೆಟ್ಟಿಗೆಯಲ್ಲಿದೆ. ಅದರ ಅಂಚಿನ ಹೊಲಿಗೆ ಸಾಸಿವೆಯಷ್ಟು ಸಣ್ಣದು, ಎಲ್ಲಿಯೂ ದಾರ ಜಗ್ಗಿಲ್ಲ. ಕತ್ತಿನ ಒಳಗೆ ಯಾವ ಅಂಗಡಿಯ ಪಟ್ಟಿಯೂ ಇಲ್ಲ. ಹೋದ ತಿಂಗಳು ಅದನ್ನು ಸೊಸೆಯ ಕೈಗೆ ಕೊಟ್ಟೆ. ಇದನ್ನು ಹೊಲಿದವರು ಯಾರು ಗೊತ್ತೇನಮ್ಮ ಎಂದು ಚಿಕ್ಕಮ್ಮನ ಹೆಸರು ಹೇಳಿದೆ. ಅವಳು ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.